ಟೆನಿಸ್ ಎಲ್ಬೋಗೆ ಸ್ಟ್ರೆಚಿಂಗ್: ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು

ಎರಡು ಭಾನುವಾರ ಕೂತು ಮನೆಯ ಹಳೇ ಕಿಟಕಿ ಸರಳುಗಳಿಗೆ ಎಮರಿ ಕಾಗದ ಉಜ್ಜಿದ್ದೆ. ಪೇಂಟರ್‌ಗೆ ಕೊಡುವ ಕೂಲಿ ಉಳಿಯಿತೆಂಬ ಖುಷಿ ಮೂರು ದಿನವೂ ಬಾಳಲಿಲ್ಲ. ಒಂದು ಬೆಳಿಗ್ಗೆ ಇಕ್ಕಳದಲ್ಲಿ ಹಾಲಿನ ಪಾತ್ರೆ ಹಿಡಿದು ಎತ್ತುವಾಗ ಬಲ ಮೊಣಕೈನ ಹೊರಬದಿಯಲ್ಲಿ ಚಳಕ್ ಎಂದಿತು. ಆಮೇಲೆ ಒಂದೊಂದಾಗಿ ಎಲ್ಲವೂ ನೋಯತೊಡಗಿತು: ಬೀಗ ತಿರುಗಿಸುವುದು, ಒದ್ದೆ ಟವೆಲ್ ಹಿಂಡುವುದು, ಕೊನೆಗೆ ಕಾಫಿ ಲೋಟ ಎತ್ತುವುದು ಕೂಡ. ತಮಾಷೆಯೆಂದರೆ ಇಪ್ಪತ್ತು ಕಿಲೋ ಅಕ್ಕಿ ಮೂಟೆಯನ್ನು ಎರಡೂ ತೋಳಲ್ಲಿ ಅಪ್ಪಿ ಎತ್ತಿದರೆ ನೋವಿಲ್ಲ, ಕಾಲು ಲೀಟರ್ ನೀರಿನ ಲೋಟ ಎತ್ತಿದರೆ ಜೀವ ಹೋಗುತ್ತದೆ. ಮೊಣಕೈನ ಹೊರಬದಿಯ ಈ ನೋವಿಗೇ ಟೆನಿಸ್ ಎಲ್ಬೋ ಎನ್ನುತ್ತಾರೆ.

ಮೊಬೈಲಲ್ಲಿ ಯಾವುದೋ ವಿಡಿಯೊ ನೋಡಿಕೊಂಡು ನಾನೇ ಸ್ಟ್ರೆಚಿಂಗ್ ಶುರುಮಾಡಿದೆ. ಎಳೆದಷ್ಟೂ ಒಳ್ಳೆಯದೆಂದು ಹಲ್ಲು ಕಚ್ಚಿ ಎಳೆದೆ. ಹತ್ತು ದಿನಕ್ಕೆ ನೋವು ದುಪ್ಪಟ್ಟಾಯಿತು. ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಹೋದಾಗ ಅವರು ನಾನು ಮಾಡುವುದನ್ನು ಒಮ್ಮೆ ನೋಡಿ, "ಇದು ಸ್ಟ್ರೆಚಿಂಗ್ ಅಲ್ಲ ಸಾರ್, ಹಗ್ಗಜಗ್ಗಾಟ" ಎಂದರು. ಅವರ ಹತ್ತಿರ ಕಲಿತದ್ದು, ಆಮೇಲೆ ಓದಿ ತಿಳಿದದ್ದು, ನನ್ನ ಕೈಯೇ ಹೇಳಿಕೊಟ್ಟದ್ದು ಮೂರೂ ಸೇರಿ ಈ ಬರಹ.

ಮೊದಲು, ನೋಯುತ್ತಿರುವುದು ಏನು

ಮೊಣಕೈನ ಹೊರಬದಿಯಲ್ಲಿ ಬೆರಳಿಗೆ ಸಿಗುವ ಒಂದು ಎಲುಬಿನ ಉಬ್ಬು ಇದೆ. ಮಣಿಕಟ್ಟನ್ನೂ ಬೆರಳುಗಳನ್ನೂ ಮೇಲಕ್ಕೆ ಎತ್ತುವ ಸ್ನಾಯುಗಳು ಹುಟ್ಟುವುದು ಅಲ್ಲಿಂದ. ಅವುಗಳಲ್ಲಿ ಹೆಚ್ಚಾಗಿ ಕೆಡುವುದು ಎಕ್ಸ್‌ಟೆನ್ಸರ್ ಕಾರ್ಪಿ ರೇಡಿಯಾಲಿಸ್ ಬ್ರೆವಿಸ್ ಎಂಬ ಉದ್ದ ಹೆಸರಿನ ಸ್ನಾಯುವಿನ ಟೆಂಡನ್, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಗಟ್ಟಿ ನಾರು. ಈ ಸ್ನಾಯು ಮುಂಗೈಯುದ್ದಕ್ಕೂ ಸಾಗಿ ಮಧ್ಯದ ಬೆರಳಿನ ಬುಡದ ಎಲುಬಿಗೆ ಅಂಟಿಕೊಳ್ಳುತ್ತದೆ.

ಹಿಡಿಯುವುದಕ್ಕೂ ಮಣಿಕಟ್ಟು ಎತ್ತುವ ಸ್ನಾಯುವಿಗೂ ಏನು ಸಂಬಂಧ ಎನಿಸಬಹುದು. ಮಣಿಕಟ್ಟನ್ನು ಪೂರ್ತಿ ಕೆಳಕ್ಕೆ ಬಗ್ಗಿಸಿಕೊಂಡು ಮುಷ್ಟಿ ಬಿಗಿ ಹಿಡಿಯಲು ನೋಡಿ. ಬಲವೇ ಬರುವುದಿಲ್ಲ. ಮುಷ್ಟಿಗೆ ಬಲ ಬರಬೇಕಾದರೆ ಈ ಸ್ನಾಯು ಮಣಿಕಟ್ಟನ್ನು ಹಿಂದಕ್ಕೆ ಹಿಡಿದು ನಿಲ್ಲಿಸಿರಬೇಕು. ಅಂದರೆ ಏನೇ ಹಿಡಿದರೂ ಆ ಟೆಂಡನ್ ಮೇಲೆ ಎಳೆತ ಬೀಳುತ್ತದೆ. ಅಕ್ಕಿ ಮೂಟೆಯನ್ನು ಅಪ್ಪಿಕೊಂಡಾಗ ಮುಷ್ಟಿಗೆ ಕೆಲಸವಿಲ್ಲ. ಇಕ್ಕಳ ಹಿಡಿದಾಗ ಕೆಲಸವೆಲ್ಲ ಮುಷ್ಟಿಯದೇ.

ಹೆಸರಲ್ಲಿ ಟೆನಿಸ್ ಇದ್ದರೂ ಈ ನೋವು ಆ ಆಟಕ್ಕಿಂತ ಹಳೆಯದು. ಜರ್ಮನಿಯ ರುಂಗೆ ಎಂಬ ವೈದ್ಯ 1873ರಲ್ಲೇ ಇದನ್ನು ಬರೆದಿಟ್ಟ, ಅದೂ ಹೆಚ್ಚು ಬರೆಯುವವರ ಕೈನೋವಿನ ಬಗ್ಗೆ. ಲಾನ್ ಟೆನಿಸ್‌ಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು ಮರುವರ್ಷ. 'ಲಾನ್ ಟೆನಿಸ್ ಎಲ್ಬೋ' ಎಂಬ ಹೆಸರು ವೈದ್ಯಕೀಯ ಪತ್ರಿಕೆಗೆ ಬಂದದ್ದು 1883ರಲ್ಲಿ. ನಮ್ಮ ದೇಶದಲ್ಲಿ ಈ ಹೆಸರನ್ನು ಮನೆಮನೆಗೆ ಮುಟ್ಟಿಸಿದ್ದು ಮಾತ್ರ ಸಚಿನ್ ತೆಂಡೂಲ್ಕರ್ ಅವರ ಎಡ ಮೊಣಕೈ. 2004ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧದ ಬೆಂಗಳೂರು ಟೆಸ್ಟ್ ಅವರಿಗೆ ತಪ್ಪಿದ್ದು ಇದರಿಂದಲೇ. 2005ರಲ್ಲಿ ಲಂಡನ್ನಿನಲ್ಲಿ ಶಸ್ತ್ರಚಿಕಿತ್ಸೆಯೂ ಆಯಿತು. ಅದನ್ನು ಓದಿ ಹೆದರಬೇಡಿ, ಆಪರೇಷನ್‌ವರೆಗೆ ಹೋಗುವವರು ತೀರಾ ಕಡಿಮೆ.

ಇನ್ನೊಂದು ವಿಷಯ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಬಹಳ ಕಾಲ ಇದನ್ನು ಉರಿಯೂತ ಎಂದುಕೊಂಡಿದ್ದರು. ಅಮೆರಿಕದ ನಿರ್ಶಲ್ ಮತ್ತು ಪೆಟ್ರೋನ್ ಎಂಬ ವೈದ್ಯರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಟೆಂಡನ್ನನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 1979ರಲ್ಲಿ ವಿವರಿಸಿದ್ದು ಬೇರೆಯೇ. ಸಾಲಾಗಿ ಇರಬೇಕಾದ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಗೋಜಲು ಗೋಜಲಾಗಿದ್ದವು, ನಡುವೆ ಹೊಸ ರಕ್ತನಾಳಗಳು ನುಗ್ಗಿದ್ದವು. ಹುರಿ ಸಡಿಲಾದ ತೆಂಗಿನ ನಾರಿನ ಹಗ್ಗವನ್ನು ನೆನೆಸಿಕೊಳ್ಳಿ. ಅದನ್ನು ಬರೀ ಎಳೆದರೆ ಇನ್ನಷ್ಟು ಬಿಚ್ಚಿಕೊಳ್ಳುತ್ತದೆಯೇ ಹೊರತು ಹುರಿ ಗಟ್ಟಿಯಾಗುವುದಿಲ್ಲ.

ನಿಮ್ಮದು ಅದೇ ನೋವೇ?

ನೆಟ್ಟಗಿನ ಬೆನ್ನಿರುವ ಹಗುರ ಪ್ಲಾಸ್ಟಿಕ್ ಕುರ್ಚಿಯೊಂದನ್ನು ತಂದುಕೊಳ್ಳಿ. ಮೊಣಕೈ ನೇರ, ಅಂಗೈ ಕೆಳಮುಖ. ಕುರ್ಚಿಯ ಬೆನ್ನನ್ನು ಮೇಲಿಂದ ಹಿಡಿದು ಎತ್ತಿ. ಹೊರ ಉಬ್ಬಿನಲ್ಲೇ ನೋವು ಬಂದರೆ ಅನುಮಾನ ಬಲವಾಯಿತು. ಇನ್ನೊಂದು ಪರೀಕ್ಷೆಗೆ ಕೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಚಾಚಿಡಿ. ಮಧ್ಯದ ಬೆರಳನ್ನು ಮಾತ್ರ ಎತ್ತಿ, ಇನ್ನೊಂದು ಕೈಯಿಂದ ಅದನ್ನು ಕೆಳಗೊತ್ತಿ. ಬೆರಳು ಒತ್ತಿದರೆ ಮೊಣಕೈ ನೋಯುತ್ತದೆ! ಆ ಸ್ನಾಯು ಎಲ್ಲಿ ಹೋಗಿ ಸೇರುತ್ತದೆಂದು ಮೇಲೆ ಹೇಳಿದ್ದು ಇದಕ್ಕೇ.

ಉಬ್ಬಿನ ಮೇಲೆ, ಅಥವಾ ಅದಕ್ಕಿಂತ ಒಂದು ಬೆರಳಿನಷ್ಟು ಕೆಳಗೆ ಒತ್ತಿದರೆ ನೋವು ಸ್ಪಷ್ಟವಾಗಿ ಸಿಗಬೇಕು. ಒಳಬದಿಯ ಉಬ್ಬು ನೋಯುತ್ತಿದ್ದರೆ ಅದು ಗಾಲ್ಫರ್ಸ್ ಎಲ್ಬೋ ಇರಬಹುದು, ಅದರ ವ್ಯಾಯಾಮದ ದಿಕ್ಕೇ ಬೇರೆ. ಬೆರಳುಗಳಿಗೆ ಜುಮ್ಮು ಹಿಡಿಯುವುದು, ಕತ್ತಿನಿಂದ ಕೈಗೆ ನೋವು ಇಳಿಯುವುದು, ಬೆರಳು ಎತ್ತಲು ಬಲವೇ ಇಲ್ಲದಿರುವುದು ನರದ ತೊಂದರೆ ಇರಬಹುದೆಂಬ ಸೂಚನೆ. ಬಿದ್ದ ಮೇಲೆ ಶುರುವಾದ ನೋವು, ಊತ, ಕೆಂಪು, ಜ್ವರ, ಕೈ ಪೂರ್ತಿ ಚಾಚಲಾಗದಿರುವುದು, ಮೊಣಕೈ ಆಡಿಸುವಾಗ ಅರ್ಧಕ್ಕೇ ಸಿಕ್ಕಿಕೊಳ್ಳುವುದು, ಇವು ಯಾವುದಿದ್ದರೂ ಈ ಬರಹ ಬದಿಗಿಟ್ಟು ಡಾಕ್ಟರ ಹತ್ತಿರ ಹೋಗಿ.

ಹೆಜ್ಜೆ 1: ಕೈಗೆ ರಜೆ ಬೇಡ, ಕೆಲಸ ಬದಲಿಸಿ

ಕೈಯನ್ನು ಜೋಲಿಯಲ್ಲಿ ಹಾಕಿಕೊಂಡು ಕೂತರೆ ನೋವು ಇಳಿಯುತ್ತದೆ, ಜೊತೆಗೆ ಸ್ನಾಯುವಿನ ಬಲವೂ ಇಳಿಯುತ್ತದೆ. ರಜೆ ಮುಗಿದ ದಿನ ನೋವು ವಾಪಸ್. ಅದರ ಬದಲು ಹಿಡಿಯುವ ರೀತಿ ಬದಲಿಸಬೇಕು.

ಒಂದೇ ಸೂತ್ರ ನೆನಪಿಟ್ಟರೆ ಸಾಕು: ಅಂಗೈ ಮೇಲ್ಮುಖವಾಗಿ, ಮೊಣಕೈ ಮಡಚಿ, ಮೈಗೆ ಹತ್ತಿರ ಹಿಡಿದು ಎತ್ತುವುದು. ಅಂಗೈ ಕೆಳಮುಖವಾಗಿ, ಕೈ ಚಾಚಿ ಎತ್ತುವುದು ಟೆಂಡನ್‌ಗೆ ಅತಿ ಭಾರ. ನಮ್ಮ ಅಡುಗೆಮನೆಯಲ್ಲಿ ಎರಡನೆಯದೇ ಜಾಸ್ತಿ. ಇಕ್ಕಳ ಬಿಟ್ಟು ಎರಡೂ ಕೈಯಲ್ಲಿ ಮಸಿಬಟ್ಟೆ ಹಿಡಿದು ಪಾತ್ರೆ ಇಳಿಸಿ. ಬಟ್ಟೆ ಹಿಂಡಲೇಬೇಕಾದರೆ ನಲ್ಲಿಗೆ ಒಂದು ಸುತ್ತು ಹಾಕಿ ಎಳೆಯಿರಿ, ಇಲ್ಲವೇ ನೀರು ಸೋರಲಿ ಎಂದು ಹಾಗೇ ನೇತುಹಾಕಿ. ರಾಗಿ ಮುದ್ದೆ ತಿರುವುವವರು ಕೋಲಿಗೆ ಬಟ್ಟೆ ಸುತ್ತಿ ಹಿಡಿ ದಪ್ಪ ಮಾಡಿಕೊಳ್ಳಿ. ತೆಳು ಹಿಡಿಗಿಂತ ದಪ್ಪ ಹಿಡಿಗೆ ಮುಷ್ಟಿ ಬಿಗಿಯುವುದು ಕಡಿಮೆ ಸಾಕು. ಕಂಪ್ಯೂಟರ್ ಮುಂದೆ ಕೂರುವವರು ಮೌಸನ್ನು ಹತ್ತಿರಕ್ಕೆ ಎಳೆದುಕೊಳ್ಳಿ, ಮುಂಗೈ ಪೂರ್ತಿ ಮೇಜಿನ ಮೇಲಿರಲಿ. ಸ್ಕೂಟರ್ ಓಡಿಸುವವರು ಆಕ್ಸಿಲರೇಟರ್ ಮೇಲೆ ಮಣಿಕಟ್ಟು ಕೆಳಕ್ಕೆ ಕುಸಿದು ಕೂತಿರುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಹೆಜ್ಜೆ 2: ಬೆಚ್ಚಗೆ ಮಾಡಿಕೊಳ್ಳಿ

ಬಿಸಿನೀರಿನ ಸ್ನಾನ ಆದ ತಕ್ಷಣ ಒಳ್ಳೆಯ ಹೊತ್ತು. ಇಲ್ಲದಿದ್ದರೆ ಹಾಟ್ ವಾಟರ್ ಬ್ಯಾಗನ್ನು ಐದು ನಿಮಿಷ ಮುಂಗೈ ಮೇಲಿಡಿ. ಆಮೇಲೆ ಮುಷ್ಟಿ ಸಡಿಲವಾಗಿ ಮುಚ್ಚಿ ತೆರೆದು ಇಪ್ಪತ್ತು ಸಲ, ಮಣಿಕಟ್ಟು ಎರಡೂ ದಿಕ್ಕಿಗೆ ಹತ್ತು ಸಲ ತಿರುಗಿಸಿ.

ಹೆಜ್ಜೆ 3: ಮುಖ್ಯವಾದ ಸ್ಟ್ರೆಚ್

ಇದೊಂದನ್ನು ಸರಿಯಾಗಿ ಕಲಿತರೆ ಉಳಿದದ್ದು ಅಷ್ಟೇನೂ ಕಷ್ಟವಿಲ್ಲ, ಅದಕ್ಕೇ ಇಲ್ಲಿ ನಿಧಾನಿಸುತ್ತೇನೆ. ನೋವು ಬಲಗೈಯದು ಎಂದುಕೊಳ್ಳೋಣ.

ಕುರ್ಚಿಯಲ್ಲಿ ನೆಟ್ಟಗೆ ಕೂತು ಬಲಗೈಯನ್ನು ಮುಂದಕ್ಕೆ ಚಾಚಿ, ಭುಜದ ಎತ್ತರಕ್ಕೆ ಸ್ವಲ್ಪ ಕೆಳಗೆ ಇರಲಿ. ಭುಜ ಕಿವಿಯ ಕಡೆ ಏರದಂತೆ ಸಡಿಲ ಬಿಡಿ. ಅಂಗೈ ನೆಲ ನೋಡುತ್ತಿರಲಿ. ಈಗ ಮಣಿಕಟ್ಟನ್ನು ತಾನಾಗಿ ಕೆಳಗೆ ಜೋತುಬಿಡಿ, ಬೆರಳುಗಳು ನೆಲದ ಕಡೆ. ಇಷ್ಟಕ್ಕೇ ಕೆಲವರಿಗೆ ಮುಂಗೈ ಮೇಲ್ಭಾಗದಲ್ಲಿ ಬಿಗಿತ ಗೊತ್ತಾಗುತ್ತದೆ. ಗೊತ್ತಾದರೆ ಅಲ್ಲೇ ನಿಲ್ಲಿ, ಮೊದಲ ವಾರಕ್ಕೆ ಅಷ್ಟು ಸಾಕು.

ಗೊತ್ತಾಗದಿದ್ದರೆ ಎಡ ಅಂಗೈಯನ್ನು ಬಲಗೈಯ ಬೆನ್ನಿನ ಮೇಲೆ, ಬೆರಳಿನ ಗೆಣ್ಣುಗಳು ಮುಚ್ಚುವಂತೆ ಇಡಿ. ಬೆರಳ ತುದಿ ಹಿಡಿದು ಎಳೆಯಬೇಡಿ, ಎಳೆತವೆಲ್ಲ ಸಣ್ಣ ಕೀಲುಗಳಿಗೆ ಹೋಗಿಬಿಡುತ್ತದೆ. ನಿಧಾನವಾಗಿ ಕೈಯನ್ನು ನಿಮ್ಮ ಕಡೆಗೆ ಒತ್ತಿ. ಜೊತೆಗೆ ಬೆರಳುಗಳನ್ನು ಕಿರುಬೆರಳಿನ ದಿಕ್ಕಿಗೆ ಚೂರೇ ಚೂರು ವಾಲಿಸಿದರೆ ಎಳೆತ ಸರಿಯಾದ ಸ್ನಾಯುವಿಗೆ ತಗಲುತ್ತದೆ. 30 ಸೆಕೆಂಡ್ ಹಾಗೇ ಇರಿ. ಉಸಿರು ಕಟ್ಟಬೇಡಿ. ಬಿಡುವಾಗಲೂ ನಿಧಾನ. 30 ಸೆಕೆಂಡ್ ಸುಧಾರಿಸಿಕೊಂಡು ಮತ್ತೆರಡು ಸಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಎಲ್ಲಿ ಅನುಭವವಾಗಬೇಕು ಎಂಬುದೇ ಇಡೀ ವಿಷಯ. ಮುಂಗೈಯ ಮೇಲ್ಭಾಗದ ಮಾಂಸಲ ಜಾಗದಲ್ಲಿ ಹಿತವಾದ ಎಳೆತ ಬಂದರೆ ಸರಿ. ಎಲುಬಿನ ಉಬ್ಬಿನಲ್ಲಿ ಸೂಜಿ ಚುಚ್ಚಿದಂತಾದರೆ ತಪ್ಪು. ಕಾರಣ ಇದು: ಮೊಣಕೈ ನೇರ ಮಾಡಿ ಮಣಿಕಟ್ಟು ಬಗ್ಗಿಸಿದಾಗ ಟೆಂಡನ್ ಬರೀ ಹಿಗ್ಗುವುದಿಲ್ಲ, ಕೆಳಗಿನ ಎಲುಬಿಗೆ ಒತ್ತಿಕೊಳ್ಳುತ್ತದೆ ಕೂಡ. ಕೆರಳಿರುವ ಟೆಂಡನ್‌ಗೆ ಆ ಒತ್ತಡ ಸಹಿಸುವುದಿಲ್ಲ. ನಾನು ಹತ್ತು ದಿನ ಮಾಡಿದ್ದು ಅದನ್ನೇ.

ಚುಚ್ಚಿದರೆ ಬಿಟ್ಟೇಬಿಡಬೇಕೆಂದಿಲ್ಲ. ಮೊಣಕೈಯನ್ನು ಸ್ವಲ್ಪ ಮಡಚಿ ಮೊದಲಿನಿಂದ ಮಾಡಿ, ಒಂದೆರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ನೇರ ಮಾಡುತ್ತ ಬನ್ನಿ. ತದ್ವಿರುದ್ಧವಾಗಿ, ಮೊಣಕೈ ನೇರವಿದ್ದೂ ಏನೂ ಎಳೆದಂತೆ ಆಗದಿದ್ದರೆ ಬೆರಳುಗಳನ್ನು ಸಡಿಲ ಮುಷ್ಟಿ ಮಾಡಿಕೊಂಡು ಬಗ್ಗಿಸಿ, ಎಳೆತ ಕೂಡಲೇ ಹೆಚ್ಚುತ್ತದೆ. ಕೈಬೆನ್ನನ್ನು ಮೇಜಿಗೋ ಗೋಡೆಗೋ ಒತ್ತಿ ಮೈಭಾರ ಹಾಕುವ ಒಂದು ಬಗೆ ವಿಡಿಯೊಗಳಲ್ಲಿ ಬಹಳ ಕಾಣುತ್ತದೆ. ನೋವಿರುವವರೆಗೆ ಅದರ ತಂಟೆಗೆ ಹೋಗಬೇಡಿ. ಜಗ್ಗಿ ಜಗ್ಗಿ ಬಿಡುವುದೂ ಬೇಡ.

ಹೆಜ್ಜೆ 4: ಅಂಗೈ ಕಡೆಯ ಸ್ಟ್ರೆಚ್

ದಿನವಿಡೀ ಹಿಡಿಯುವ ಕೈಯಲ್ಲಿ ಒಳಬದಿಯ ಸ್ನಾಯುಗಳೂ ಬಿಗಿದಿರುತ್ತವೆ. ಟ್ರಾಫಿಕ್ ಪೊಲೀಸ್ ಗಾಡಿ ನಿಲ್ಲಿಸುವಂತೆ ಕೈ ಚಾಚಿ, ಅಂಗೈ ಎದುರಿಗೆ, ಬೆರಳು ಮೇಲೆ. ಇನ್ನೊಂದು ಕೈಯಿಂದ ಅಂಗೈಯನ್ನೂ ಬೆರಳುಗಳನ್ನೂ ಸೇರಿಸಿ ಹಿಂದಕ್ಕೆ ತನ್ನಿ. 30 ಸೆಕೆಂಡ್, ಮೂರು ಸಲ. ಆಫೀಸಿನಲ್ಲಿ ಹೀಗೆ ಕೈ ಚಾಚಲು ಸಂಕೋಚವಾದರೆ ಎದೆಯ ಮುಂದೆ ನಮಸ್ಕಾರ ಮಾಡಿ, ಅಂಗೈ ಬಿಡದೆ ಎರಡೂ ಕೈಯನ್ನು ಹೊಟ್ಟೆಯ ಕಡೆ ಇಳಿಸಿ. ಅದೇ ಫಲ, ಯಾರೂ ತಿರುಗಿ ನೋಡುವುದಿಲ್ಲ.

ಹೆಜ್ಜೆ 5: ಸಟ್ಟುಗದ ತಿರುವು

ಮುಂಗೈಯನ್ನು ಹೊರಳಿಸುವ ಸ್ನಾಯುವೊಂದು ಅದೇ ಉಬ್ಬಿನ ಪಕ್ಕದಿಂದ ಹೊರಡುತ್ತದೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಮಡಚಿ, ಹೆಬ್ಬೆರಳು ಮೇಲಾಗಿ ಸಟ್ಟುಗದ ಹಿಡಿ ಹಿಡಿಯಿರಿ. ದೋಸೆ ಮಗುಚುವ ಅವಸರ ಬೇಡ. ಐದು ಎಣಿಸುತ್ತ ಅಂಗೈ ಮೇಲಾಗುವವರೆಗೆ ತಿರುಗಿಸಿ, ಕೊನೆಯಲ್ಲಿ ಐದು ಸೆಕೆಂಡ್ ನಿಂತು, ಅಷ್ಟೇ ನಿಧಾನವಾಗಿ ಅಂಗೈ ಕೆಳಗಾಗುವವರೆಗೆ ತನ್ನಿ. ಹತ್ತು ಸಲ. ಸಟ್ಟುಗವನ್ನು ಹಿಡಿಯ ತುದಿಯ ಕಡೆ ಹಿಡಿದಷ್ಟೂ ಭಾರ ಹೆಚ್ಚು, ನಡುವೆ ಹಿಡಿದರೆ ಹಗುರ. ಮೊದಲು ನಡುವೆಯೇ ಹಿಡಿಯಿರಿ.

ಕತ್ತು ಮತ್ತು ಭುಜದ ಸ್ಟ್ರೆಚ್‌ಗಳನ್ನು ನಿಮಗೆ ಗೊತ್ತಿರುವ ಹಾಗೇ ಒಂದೆರಡು ನಿಮಿಷ ಮಾಡಿ. ಮೇಜಿನ ಮುಂದೆ ಕುಗ್ಗಿ ಕೂರುವವರಿಗೆ ಅದೂ ಬೇಕು.

ಹೆಜ್ಜೆ 6: ಇಲ್ಲಿಗೆ ನಿಲ್ಲಿಸಬೇಡಿ

ಸ್ಟ್ರೆಚಿಂಗ್‌ನಿಂದ ಬಿಗಿತ ಇಳಿಯುತ್ತದೆ, ಬೆಳಗಿನ ನೋವು ತಗ್ಗುತ್ತದೆ, ಕೈ ಆಡಿಸುವ ಭಯ ಹೋಗುತ್ತದೆ. ಆದರೆ ಆ ಗೋಜಲಾದ ಎಳೆಗಳು ಮತ್ತೆ ಸಾಲುಗೂಡಲು ಟೆಂಡನ್‌ಗೆ ಅಳತೆ ಮಾಡಿದ ಭಾರ ಸಿಗಬೇಕು. ಬರೀ ಸ್ಟ್ರೆಚ್ ಮಾಡಿ ಆರು ತಿಂಗಳು ಕಳೆದವರನ್ನು ಫಿಸಿಯೋ ಕೋಣೆಯ ಹೊರಗಿನ ಬೆಂಚಿನಲ್ಲೇ ಇಬ್ಬರನ್ನು ಕಂಡೆ.

ಮೊದಲ ಒಂದೆರಡು ವಾರ ಅಲುಗಾಡದ ವ್ಯಾಯಾಮ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ ಮಣಿಕಟ್ಟು ಅಂಚಿನಿಂದಾಚೆ ಇರಲಿ. ಇನ್ನೊಂದು ಕೈಯಿಂದ ಕೈಬೆನ್ನನ್ನು ಕೆಳಗೊತ್ತಿ, ನೋವಿನ ಕೈ ಅದಕ್ಕೆ ಬಗ್ಗದೆ ನೇರವಾಗಿ ನಿಲ್ಲಲಿ. 30ರಿಂದ 45 ಸೆಕೆಂಡ್, ಐದು ಸಲ, ನಡುವೆ ಒಂದು ನಿಮಿಷ ಬಿಡುವು. ಪೂರ್ತಿ ಬಲ ಹಾಕುವುದೇನೂ ಬೇಡ.

ಅದು ಸಲೀಸಾದ ಮೇಲೆ ಇಳಿಸುವ ವ್ಯಾಯಾಮ. ಕೈ ಅದೇ ಭಂಗಿಯಲ್ಲಿ, ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು. ಒಳ್ಳೆಯ ಕೈಯ ಸಹಾಯದಿಂದ ಬಾಟಲಿ ಹಿಡಿದ ಕೈಯನ್ನು ಮೇಲೆತ್ತಿ, ಸಹಾಯ ಬಿಟ್ಟು ನೋವಿನ ಕೈಯೊಂದೇ ನಾಲ್ಕು ಎಣಿಸುತ್ತ ಕೆಳಗಿಳಿಸಲಿ. ಎತ್ತುವುದು ಒಳ್ಳೆಯ ಕೈ, ಇಳಿಸುವುದು ನೋವಿನ ಕೈ. ಹತ್ತು ಸಲಕ್ಕೆ ಒಂದು ಸುತ್ತು, ಮೂರು ಸುತ್ತು. ಮೂರೂ ಸುತ್ತು ಹಗುರವೆನಿಸಿದ ಮೇಲೆ ಒಂದು ಲೀಟರ್ ಬಾಟಲಿ, ಆಮೇಲೆ ಡಂಬೆಲ್. ಹೆಜ್ಜೆ 3ರ ಸ್ಟ್ರೆಚನ್ನು ಇದರ ಹಿಂದೆ ಮುಂದೆ ಮೂರು ಮೂರು ಸಲ ಮಾಡುವುದು ಫಿಸಿಯೋಗಳು ಸಾಮಾನ್ಯವಾಗಿ ಹೇಳುವ ಕ್ರಮ.

ನೋವನ್ನು ಅಳೆಯುವುದು

ಏನೂ ಇಲ್ಲದ್ದು ಸೊನ್ನೆ, ತಡೆಯಲಾಗದ್ದು ಹತ್ತು. ಸ್ಟ್ರೆಚ್ ಮಾಡುವಾಗ ಎರಡು ದಾಟಬಾರದು. ಭಾರದ ವ್ಯಾಯಾಮದಲ್ಲಿ ಮೂರು, ಹೆಚ್ಚೆಂದರೆ ನಾಲ್ಕರವರೆಗೆ ಪರವಾಗಿಲ್ಲ, ಮರುದಿನ ಬೆಳಿಗ್ಗೆ ಅದು ಹಿಂದಿನ ಮಟ್ಟಕ್ಕೆ ಇಳಿದಿದ್ದರೆ. ಇಳಿದಿಲ್ಲವೆಂದರೆ ನಿನ್ನೆ ಜಾಸ್ತಿಯಾಗಿತ್ತು. ಇಂದು ಅರ್ಧ ಮಾಡಿ, ಪೂರ್ತಿ ನಿಲ್ಲಿಸಬೇಡಿ. ನಾನು ಅಡುಗೆಮನೆ ಕ್ಯಾಲೆಂಡರಿನ ಚೌಕಗಳಲ್ಲಿ ದಿನಕ್ಕೊಂದು ಅಂಕೆ ಬರೆದಿಡುತ್ತಿದ್ದೆ. ಹಾಲಿನ ಲೆಕ್ಕದ ಪಕ್ಕದಲ್ಲೇ ಮೊಣಕೈ ಲೆಕ್ಕ. ದಿನದಿಂದ ದಿನಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ. ತಿಂಗಳು ತಿರುವಿದಾಗ ಆರೇಳುಗಳಿದ್ದ ಕಡೆ ಮೂರು ನಾಲ್ಕು ಕಂಡವು.

ಇಂಜೆಕ್ಷನ್, ಪಟ್ಟಿ, ಮಾತ್ರೆ

"ಒಂದು ಇಂಜೆಕ್ಷನ್ ಹಾಕಿಸಿಕೊಂಡುಬಿಡಿ" ಎಂದು ನಿಮಗೂ ಯಾರಾದರೂ ಹೇಳಿರುತ್ತಾರೆ. ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ 198 ಜನರ ಮೇಲೆ ನಡೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಕೆಲವರಿಗೆ ಸ್ಟೀರಾಯ್ಡ್ ಇಂಜೆಕ್ಷನ್, ಕೆಲವರಿಗೆ ಫಿಸಿಯೋಥೆರಪಿ, ಉಳಿದವರಿಗೆ ಸಲಹೆ ಕೊಟ್ಟು ಕಾಯುವುದು. ಆರು ವಾರಕ್ಕೆ ಇಂಜೆಕ್ಷನ್ ಪಡೆದವರೇ ಎಲ್ಲರಿಗಿಂತ ಮುಂದಿದ್ದರು. ಆಮೇಲೆ ಅವರಲ್ಲಿ ವಾಸಿಯಾಗಿದ್ದ ಶೇಕಡಾ 72ರಷ್ಟು ಜನರಿಗೆ ನೋವು ಮರುಕಳಿಸಿತು, ವರ್ಷ ತುಂಬುವಾಗ ಅವರೇ ಹಿಂದೆ ಬಿದ್ದಿದ್ದರು. ಫಿಸಿಯೋ ಮಾಡಿದವರಿಗೂ ಸುಮ್ಮನೆ ಕಾದವರಿಗೂ ವರ್ಷದ ಕೊನೆಯಲ್ಲಿ ಹೆಚ್ಚು ಅಂತರ ಉಳಿಯಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಫಿಸಿಯೋದವರು ಮೊದಲ ವಾರಗಳಲ್ಲಿ ಬೇಗ ಚೇತರಿಸಿಕೊಂಡರು. ಕೈ ನಂಬಿ ದುಡಿಯುವ ಮರಗೆಲಸದವರಿಗೋ ಅಡಿಕೆ ಸುಲಿಯುವವರಿಗೋ ಆ ಕೆಲವು ವಾರಗಳೇ ದೊಡ್ಡದು.

ಮೊಣಕೈ ಪಟ್ಟಿ ಕಟ್ಟುವುದಾದರೆ ಉಬ್ಬಿನ ಮೇಲಲ್ಲ, ಅದಕ್ಕಿಂತ ಎರಡು ಬೆರಳು ಕೆಳಗೆ, ಮಾಂಸಲ ಜಾಗಕ್ಕೆ. ಕೈ ಜುಮ್ಮೆನ್ನುವಷ್ಟು ಬಿಗಿ ಬೇಡ, ಕೆಲಸದ ಹೊತ್ತಿಗೆ ಮಾತ್ರ ಇರಲಿ, ಮಲಗುವಾಗ ಬಿಚ್ಚಿಡಿ. ನೋವಿನ ಮಾತ್ರೆ ಡಾಕ್ಟರನ್ನು ಕೇಳಿಯೇ. ಬಿಪಿ, ಕಿಡ್ನಿ, ಹೊಟ್ಟೆ ಹುಣ್ಣಿನ ತೊಂದರೆ ಇರುವವರು ಮೆಡಿಕಲ್ ಶಾಪಿನಲ್ಲಿ ನೇರ ಕೇಳಿ ನುಂಗುವುದು ಬೇಡ. ಉಬ್ಬಿನ ಮೇಲೆ ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸಿಕೊಳ್ಳುವುದೂ ಬೇಡ. ಬೇಕಾದರೆ ಮುಂಗೈ ಮಾಂಸಕ್ಕೆ ಹಗುರಾಗಿ ನೀವಿಕೊಳ್ಳಿ.

ಎಷ್ಟು ದಿನ?

ಹದಿನೈದು ದಿನ ಮಾಡಿ ಫಲ ಕಾಣದೆ ಬಿಡುವವರೇ ಹೆಚ್ಚು. ಟೆಂಡನ್‌ಗೆ ರಕ್ತ ಕಡಿಮೆ, ಅದು ಸರಿಯಾಗುವುದೂ ನಿಧಾನ. ಮೊದಲ ಎರಡು ವಾರದಲ್ಲಿ ಬೆಳಗಿನ ಬಿಗಿತ ಇಳಿದರೆ ದಾರಿ ಸರಿಯಿದೆ ಎಂದುಕೊಳ್ಳಿ. ಆರು ವಾರದ ಸುಮಾರಿಗೆ ಲೋಟ, ಬೀಗ, ಮೌಸ್ ಸಲೀಸಾಗಬೇಕು. ಮೂರು ತಿಂಗಳು ಬಿಡದೆ ಮಾಡಿಯೂ ಕುರ್ಚಿ ಎತ್ತುವ ಪರೀಕ್ಷೆಯಲ್ಲಿ ಏನೂ ಬದಲಾಗದಿದ್ದರೆ ಮೂಳೆ ತಜ್ಞರಿಗೆ ತೋರಿಸಿ. ಬಹುತೇಕರಿಗೆ ವರ್ಷದೊಳಗೆ ಹೋಗುವ ನೋವು ಇದು, ಆಪರೇಷನ್ ಮಾತು ಬರುವುದು ಅದರಾಚೆಗೆ.

ನೋವು ಹೋದ ಮೇಲೂ ಇನ್ನೊಂದು ಆರು ವಾರ ಬಾಟಲಿ ಇಳಿಸುವುದನ್ನು ವಾರಕ್ಕೆ ಮೂರು ದಿನ ಮುಂದುವರಿಸಿ. ಸ್ಟ್ರೆಚನ್ನು ಭಾರದ ಕೆಲಸಕ್ಕೆ ಮುಂಚೆ ಒಂದು ಸುತ್ತು ಮಾಡಿದರೆ ಸಾಕು. ನನ್ನ ಕೈಗೆ ಸುಮಾರು ಐದು ತಿಂಗಳು ಹಿಡಿಯಿತು. ಕಿಟಕಿಗಳಲ್ಲಿ ಎರಡು ಇನ್ನೂ ಉಜ್ಜದೆ ಉಳಿದಿವೆ, ಅವನ್ನು ಪೇಂಟರ್‌ಗೆ ಬಿಟ್ಟಿದ್ದೇನೆ.